ಕವರೇಜ್ ಬಿದ್ದಿದೆ, ತಪ್ಪು ಎಲ್ಲಿ? ಟಾರ್ಗೆಟೆಡ್ ಡಿಎನ್‌ಎ ಪ್ಯಾನೆಲ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಆಯ್ದ ಜೀನ್‌ಗಳನ್ನು ಮಾತ್ರ ಓದುವ ಟಾರ್ಗೆಟೆಡ್ ಪ್ಯಾನೆಲ್‌ನ ರನ್ ಮುಗಿದಿದೆ, ಅಂದರೆ ಸೀಕ್ವೆನ್ಸರ್ ಯಂತ್ರ ಒಂದು ಸುತ್ತು ಓದಿದೆ. 480ರ ಹತ್ತಿರ ಬರಬೇಕಿದ್ದ ಸರಾಸರಿ ಕವರೇಜ್ (ಒಂದೊಂದು ಬೇಸ್, ಅಂದರೆ ಡಿಎನ್‌ಎಯ ಅಕ್ಷರ, ಎಷ್ಟು ಸಲ ಓದಲ್ಪಟ್ಟಿತು ಅನ್ನೋದು) 240ಕ್ಕೆ ಇಳಿದಿದೆ. ಒಂದಷ್ಟು ಎಕ್ಸಾನ್‌ಗಳು (ಜೀನ್‌ನ ಪ್ರೋಟೀನ್ ಸಂಕೇತ ಇರುವ ತುಂಡುಗಳು) ನಿಮ್ಮ ಲ್ಯಾಬ್ ಹಾಕಿಕೊಂಡ ಕನಿಷ್ಠ ಮಿತಿಯನ್ನೂ ಮುಟ್ಟಿಲ್ಲ. ಇಂಥ ಹೊತ್ತಲ್ಲಿ ಮೊದಲು ಬರುವ ಮಾತು "ಇನ್ನೊಂದ್ಸಲ ರನ್ ಹಾಕಿಬಿಡೋಣ" ಅನ್ನೋದು. ಸ್ವಲ್ಪ ತಡೆಯಿರಿ. ಕಾರಣ ಗೊತ್ತಿಲ್ಲದೆ ಮತ್ತೆ ರನ್ ಹಾಕಿದರೆ ರಿಯೇಜೆಂಟ್ ಖರ್ಚಾಗುತ್ತದೆ, ಸ್ಯಾಂಪಲ್ ಖರ್ಚಾಗುತ್ತದೆ, ರಿಪೋರ್ಟ್‌ಗೆ ಕಾಯುತ್ತಿರುವವರ ದಿನಗಳೂ ಖರ್ಚಾಗುತ್ತವೆ. ಬಯಾಪ್ಸಿಯ ಸಣ್ಣ ತುಣುಕಾಗಿದ್ದರೆ ಎರಡನೇ ಸಲಕ್ಕೆ ಡಿಎನ್‌ಎ ಉಳಿದೇ ಇರುವುದಿಲ್ಲ.

240 ಅನ್ನುವ ಸಂಖ್ಯೆ ಒಂದೇ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಪ್ಯಾನೆಲ್‌ನ ಗಾತ್ರ 15 ಲಕ್ಷ ಬೇಸ್ ಅಂದುಕೊಳ್ಳೋಣ. ಸ್ಯಾಂಪಲ್‌ಗೆ 50 ಲಕ್ಷ ಜೋಡಿ ರೀಡ್ (ಯಂತ್ರ ಒಂದು ಡಿಎನ್‌ಎ ತುಣುಕಿನಿಂದ ಓದಿದ ಸರಣಿ), ಪ್ರತಿ ಜೋಡಿಗೆ 300 ಬೇಸ್. ಒಟ್ಟು 150 ಕೋಟಿ ಬೇಸ್ ಆಯಿತು. ಇದರಲ್ಲಿ ಶೇ. 60 ಟಾರ್ಗೆಟ್ (ಪ್ಯಾನೆಲ್ ಓದಬೇಕಾದ ಜಾಗ) ಮೇಲೆ ಬಿದ್ದು, ಅದರಲ್ಲಿ ಶೇ. 20 ಡೂಪ್ಲಿಕೇಟ್ (ಒಂದೇ ಮೂಲ ತುಣುಕಿನ ನಕಲು) ಅಂತ ಹೋದರೆ ಉಳಿಯುವುದು 72 ಕೋಟಿ. 15 ಲಕ್ಷದಿಂದ ಭಾಗಿಸಿದರೆ 480.

ಈಗ ಟಾರ್ಗೆಟ್ ಮೇಲೆ ಬಿದ್ದದ್ದು ಶೇ. 30ಕ್ಕೆ ಇಳಿಯಲಿ, ಉತ್ತರ 240. ಅದು 60ರಲ್ಲೇ ಇದ್ದು ಡೂಪ್ಲಿಕೇಟ್ ಶೇ. 60ಕ್ಕೆ ಏರಲಿ, ಆಗಲೂ 240. ಎರಡೂ ಸರಿಯಿದ್ದು ರೀಡ್‌ಗಳೇ ಅರ್ಧ ಬರಲಿ, ಆಗಲೂ ಹೆಚ್ಚುಕಡಿಮೆ 240. ಮೊದಲನೆಯದರಲ್ಲಿ ತಪ್ಪು ಬೇಕಾದ ತುಣುಕುಗಳನ್ನು ಹಿಡಿದೆತ್ತುವ ಕ್ಯಾಪ್ಚರ್ ಹಂತದ್ದು, ಎರಡನೆಯದರಲ್ಲಿ ಡಿಎನ್‌ಎಯದ್ದು, ಮೂರನೆಯದರಲ್ಲಿ ಸ್ಯಾಂಪಲ್‌ಗಳನ್ನು ಒಟ್ಟಿಗೆ ಬೆರೆಸಿ ಪೂಲ್ ಮಾಡಿದ್ದರದ್ದು ಅಥವಾ ಸೀಕ್ವೆನ್ಸರ್‌ನದ್ದು. ಮತ್ತೆ ರನ್ ಹಾಕಿದರೆ ಪೂರ್ತಿ ಸರಿಹೋಗುವುದು ಮೂರನೆಯದು ಮಾತ್ರ.

ಹಾಗಾಗಿ ಸರಾಸರಿಯನ್ನು ಬದಿಗಿಟ್ಟು, ಅದು ಯಾವ ಯಾವ ಸಂಖ್ಯೆಗಳಿಂದ ಬಂತೋ ಅವನ್ನು ಒಂದೊಂದಾಗಿ ನೋಡಿ. ಒಟ್ಟು ರೀಡ್, ಆನ್-ಟಾರ್ಗೆಟ್ ಶೇಕಡಾ, ಡೂಪ್ಲಿಕೇಟ್ ಶೇಕಡಾ, ಮತ್ತು ಕವರೇಜ್ ಎಷ್ಟು ಸಮನಾಗಿ ಹರಡಿದೆ ಅನ್ನುವ ಫೋಲ್ಡ್-80. ಪಿಕಾರ್ಡ್ ಟೂಲ್‌ನ ಹೈಬ್ರಿಡ್ ಸೆಲೆಕ್ಷನ್ ವರದಿಯಲ್ಲಿ ಇವೆಲ್ಲ ಒಂದೇ ಕಡೆ ಸಿಗುತ್ತವೆ. ಫೋಲ್ಡ್-80 ಅಂದರೆ, ಕವರೇಜ್ ಸಿಕ್ಕಿರುವ ಟಾರ್ಗೆಟ್‌ಗಳಲ್ಲಿ ಶೇ. 80ರಷ್ಟು ಬೇಸ್‌ಗಳು ಈಗಿನ ಸರಾಸರಿಯನ್ನು ಮುಟ್ಟಬೇಕಾದರೆ ಎಷ್ಟು ಪಟ್ಟು ಜಾಸ್ತಿ ಸೀಕ್ವೆನ್ಸ್ ಮಾಡಬೇಕು ಅನ್ನುವ ಅಳತೆ. ಎಲ್ಲವೂ ಸಮನಾಗಿದ್ದರೆ ಅದು 1. ಹೊರಗಿನ ಯಾವ ಮಾನದಂಡಕ್ಕಿಂತಲೂ ನಿಮ್ಮದೇ ಪ್ಯಾನೆಲ್‌ನ ಹಿಂದಿನ ರನ್‌ಗಳ ಜೊತೆ ಇದನ್ನು ಹೋಲಿಸಿ ನೋಡುವುದು ಮೇಲು.

ಎಲ್ಲಿ ಬಿದ್ದಿದೆ ಅಂತ ಮೊದಲು ನೋಡಿ

ಎಷ್ಟು ಬಿದ್ದಿದೆ ಅನ್ನೋದಕ್ಕಿಂತ ಎಲ್ಲಿ ಬಿದ್ದಿದೆ ಅನ್ನೋದು ಜಾಸ್ತಿ ಹೇಳುತ್ತದೆ. ಒಂದು ಹಾಳೆಯಲ್ಲಿ ಸ್ಯಾಂಪಲ್‌ಗಳನ್ನು ಅಡ್ಡಕ್ಕೆ, ಟಾರ್ಗೆಟ್‌ಗಳನ್ನು ಉದ್ದಕ್ಕೆ ಹಾಕಿ, ಕಡಿಮೆ ಬಿದ್ದ ಚೌಕಗಳಿಗೆ ಬಣ್ಣ ತುಂಬಿ. ಪ್ರತಿ ಸ್ಯಾಂಪಲ್‌ನ ಕವರೇಜನ್ನು ಅದರದೇ ಸರಾಸರಿಯಿಂದ ಭಾಗಿಸಿ ಹಾಕಿದ ಇನ್ನೊಂದು ಹಾಳೆಯೂ ಇರಲಿ. ಮೊದಲನೆಯ ಹಾಳೆ ಪೂರ್ತಿ ಬಣ್ಣವಾದರೆ ದೋಷ ರನ್‌ನಲ್ಲೋ ಕ್ಯಾಪ್ಚರ್‌ನಲ್ಲೋ ಇದೆ. ಒಂದೇ ಸ್ಯಾಂಪಲ್‌ನ ಸಾಲು ಬಣ್ಣವಾದರೆ ಆ ಡಿಎನ್‌ಎಯನ್ನು ವಿಚಾರಿಸಬೇಕು. ಎಲ್ಲಾ ಸ್ಯಾಂಪಲ್‌ಗಳಲ್ಲೂ ಅದೇ ಎಕ್ಸಾನ್ ಬಿದ್ದಿದ್ದರೆ ಪ್ಯಾನೆಲ್‌ನ ವಿನ್ಯಾಸದಲ್ಲೋ ಆ ಜಾಗದ ಸ್ವಭಾವದಲ್ಲೋ ಏನೋ ಇದೆ. ಒಂದೇ ಸ್ಯಾಂಪಲ್‌ನಲ್ಲಿ ಒಂದೇ ಜಾಗ ಮಾತ್ರ ಬಿದ್ದಿದ್ದರೆ ಅದನ್ನು ದೋಷ ಅನ್ನಲು ಅವಸರ ಬೇಡ. ಅದರ ಬಗ್ಗೆ ಮುಂದೆ ವಿವರವಾಗಿ ಹೇಳುತ್ತೇನೆ, ಈ ಕೈಪಿಡಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಅದೇ ಅಂತ ನನ್ನ ನಂಬಿಕೆ.

ಇನ್ನೊಂದು ಹಾಳೆಯೂ ಉಪಯೋಗಕ್ಕೆ ಬರುತ್ತದೆ, ಪ್ಲೇಟ್‌ನ ನಕ್ಷೆ. ಬಿದ್ದ ಸ್ಯಾಂಪಲ್‌ಗಳು ಪ್ಲೇಟ್‌ನಲ್ಲಿ ಎಲ್ಲಿ ಕೂತಿದ್ದವು ಅಂತ ಗುರುತು ಹಾಕಿ. ಅಂಚಿನ ಬಾವಿಗಳೇ ಆದರೆ ಆವಿಯಾಗುವಿಕೆ. ಒಂದೇ ಕಾಲಂ ಆದರೆ ಮಲ್ಟಿಚಾನೆಲ್ ಪಿಪೆಟ್‌ನಿಂದ ಹಾಕಿದ ಆ ಹೊತ್ತಿನ ಕೆಲಸ. ಒಂದೇ ಕ್ಯಾಪ್ಚರ್ ಪೂಲ್‌ನ ಸ್ಯಾಂಪಲ್‌ಗಳೇ ಆದರೆ ಆ ಟ್ಯೂಬ್. ಐದು ನಿಮಿಷದ ಕೆಲಸ, ಆದರೂ ಇದನ್ನು ಮಾಡದೇ ಇರುವವರೇ ಜಾಸ್ತಿ.

ಇಡೀ ರನ್ ಬಿದ್ದಿದ್ದರೆ

ಪಿಪೆಟ್ ಹಿಡಿಯುವ ಮೊದಲು ಕಂಪ್ಯೂಟರ್‌ನಲ್ಲೇ ಎರಡು ವಿಷಯ ಪರೀಕ್ಷಿಸಿ.

ಒಂದು, ಯಾರಿಗೂ ಸೇರದ ರೀಡ್‌ಗಳ ಪಾಲು. ಡಿಮಲ್ಟಿಪ್ಲೆಕ್ಸ್ ಮಾಡಿದ ಮೇಲೆ, ಅಂದರೆ ಪ್ರತಿ ಸ್ಯಾಂಪಲ್‌ಗೆ ಗುರುತಾಗಿ ಹಚ್ಚಿದ ಇಂಡೆಕ್ಸ್ ಸರಣಿ ನೋಡಿ ರೀಡ್‌ಗಳನ್ನು ಬೇರ್ಪಡಿಸಿದ ಮೇಲೆ, 'ಅನ್‌ಡಿಟರ್ಮಿನ್ಡ್' ಬುಟ್ಟಿ ಉಬ್ಬಿದ್ದರೆ ಹೆಚ್ಚಿನ ಸಲ ಸೀಕ್ವೆನ್ಸಿಂಗ್ ಚೆನ್ನಾಗೇ ಆಗಿರುತ್ತದೆ, ಇಂಡೆಕ್ಸ್ ಪಟ್ಟಿ ತಪ್ಪಾಗಿರುತ್ತದೆ. ತುಣುಕಿನ ಎರಡು ತುದಿಗಳ ಇಂಡೆಕ್ಸ್‌ಗಳಲ್ಲಿ ಒಂದಾದ ಐ5 ಇಂಡೆಕ್ಸನ್ನು ಕೆಲವು ಸೀಕ್ವೆನ್ಸರ್‌ಗಳು ನೇರವಾಗಿ ಓದುತ್ತವೆ, ಕೆಲವು ತಿರುಗಿಸಿದ ಪೂರಕ ಸರಣಿಯಾಗಿ ಓದುತ್ತವೆ. ಯಂತ್ರ ಬದಲಾಯಿಸಿದಾಗ ಸ್ಯಾಂಪಲ್ ಶೀಟ್ ಹಳೆಯದೇ ಉಳಿದರೆ ಪೂರ್ತಿ ರನ್ ಆ ಬುಟ್ಟಿಗೆ ಹೋಗುತ್ತದೆ. ಅಲ್ಲಿ ಅತಿ ಹೆಚ್ಚು ಕಾಣುವ ಇಂಡೆಕ್ಸ್ ಸರಣಿಗಳ ಪಟ್ಟಿ ತೆಗೆದು, ನಿಮ್ಮ ಶೀಟ್‌ನ ಸರಣಿಗಳನ್ನು ತಿರುಗಿಸಿ ಹೋಲಿಸಿ. ಹೊಂದಿದರೆ ಶೀಟ್ ತಿದ್ದಿ ಮತ್ತೆ ಡಿಮಲ್ಟಿಪ್ಲೆಕ್ಸ್ ಮಾಡಿದರೆ ಸಾಕು.

ಇನ್ನೊಂದು, ಬೆಡ್ ಫೈಲ್, ಅಂದರೆ ಟಾರ್ಗೆಟ್‌ಗಳು ಜೀನೋಮ್‌ನಲ್ಲಿ ಎಲ್ಲಿವೆ ಅನ್ನುವ ಪಟ್ಟಿ. ಎಲ್ಲಾ ಸ್ಯಾಂಪಲ್‌ಗಳಲ್ಲೂ ಆನ್-ಟಾರ್ಗೆಟ್ ಸೊನ್ನೆಯ ಹತ್ತಿರ ಇದ್ದು, ಅಲೈನ್‌ಮೆಂಟ್ (ರೆಫರೆನ್ಸ್ ಜೀನೋಮ್ ಮೇಲೆ ಜಾಗ ಸಿಕ್ಕಿದ ರೀಡ್‌ಗಳ ಪಾಲು) ಮಾತ್ರ ಶೇ. 99 ಇದ್ದರೆ ಲ್ಯಾಬ್ ಬೆಂಚಿನ ಮೇಲೆ ಅನುಮಾನ ಪಡಬೇಡಿ. ರೆಫರೆನ್ಸ್ ಜೀನೋಮ್‌ನ ಹಳೆಯ ಆವೃತ್ತಿ ಜಿಆರ್‌ಸಿಎಚ್37ರ ಬೆಡ್ ಫೈಲನ್ನು ಹೊಸ ಆವೃತ್ತಿ ಜಿಆರ್‌ಸಿಎಚ್38ಕ್ಕೆ ಅಲೈನ್ ಮಾಡಿದ ಫೈಲ್ ಮೇಲೆ ಹಾಕಿದ್ದೀರಾ ನೋಡಿ. ಎರಡರಲ್ಲೂ ಒಂದೇ ಜೀನ್ ಬೇರೆ ಬೇರೆ ನೆಲೆಯಲ್ಲಿ ಕೂರುತ್ತದೆ. ರೀಡ್‌ಗಳನ್ನು ಚಿತ್ರವಾಗಿ ತೋರಿಸುವ ಐಜಿವಿ ಪ್ರೋಗ್ರಾಂನಲ್ಲಿ ಗೊತ್ತಿರುವ ಒಂದು ಎಕ್ಸಾನ್ ತೆರೆದರೆ ವಿಷಯ ಬಯಲಾಗುತ್ತದೆ. ರೀಡ್‌ಗಳ ಗುಡ್ಡ ಎಕ್ಸಾನ್ ಮೇಲೆ ಚೆನ್ನಾಗಿ ನಿಂತಿರುತ್ತದೆ, ಬೆಡ್ ಪಟ್ಟಿ ಮಾತ್ರ ಇನ್ನೆಲ್ಲೋ ಇರುತ್ತದೆ.

ಇವೆರಡೂ ಸರಿಯಿದ್ದು ರೀಡ್‌ಗಳೇ ಕಡಿಮೆ ಇದ್ದರೆ ಲೋಡಿಂಗ್ ಕಡೆ ತಿರುಗಿ. ಲೈಬ್ರರಿಯ (ತುದಿಗೆ ಅಡಾಪ್ಟರ್ ಅನ್ನುವ ಸಿದ್ಧ ಸರಣಿ ಹಚ್ಚಿ ಸೀಕ್ವೆನ್ಸಿಂಗ್‌ಗೆ ತಯಾರಾದ ತುಣುಕುಗಳ) ಸಾಂದ್ರತೆಯನ್ನು ಹೇಗೆ ಅಳೆದಿರಿ? ಇಲ್ಲೊಂದು ಗುರುತು ಗೊತ್ತಿರಲಿ. ಪಿಸಿಆರ್ ಸೈಕಲ್ ಜಾಸ್ತಿಯಾಗಿ ಪ್ರೈಮರ್ ಖಾಲಿಯಾದಾಗ, ಬೇರೆ ಬೇರೆ ತುಣುಕುಗಳ ಎಳೆಗಳು ತುದಿಯ ಅಡಾಪ್ಟರ್‌ಗಳಲ್ಲಿ ಮಾತ್ರ ಜೋಡಿಯಾಗುತ್ತವೆ. ನಡುವಿನ ಭಾಗ ಹೊಂದದೆ ಗುಳ್ಳೆಯಂತೆ ತೆರೆದೇ ಉಳಿಯುತ್ತದೆ. ತುಣುಕುಗಳ ಉದ್ದ ಅಳೆಯುವ ಬಯೋಅನಲೈಸರ್‌ನ ಗೆರೆಯಲ್ಲಿ ಇದು ಮುಖ್ಯ ಗುಡ್ಡದ ಬಲಕ್ಕೆ, ಅದಕ್ಕಿಂತ ಉದ್ದದ ತುಣುಕಿನ ಹಾಗೆ ಎರಡನೇ ಗುಡ್ಡವಾಗಿ ಕಾಣುತ್ತದೆ. ನಿಜವಾಗಿ ಅದು ಉದ್ದದ ತುಣುಕಲ್ಲ. ಜೋಡಿ ಎಳೆಯ ಡಿಎನ್‌ಎಯನ್ನು ಮಾತ್ರ ಎಣಿಸುವ ಕ್ಯೂಬಿಟ್ ಇದನ್ನು ಕಡಿಮೆ ತೋರಿಸುತ್ತದೆ. ಆ ಸಂಖ್ಯೆ ನಂಬಿ ಲೋಡ್ ಮಾಡಿದರೆ ಫ್ಲೋ ಸೆಲ್ (ಸೀಕ್ವೆನ್ಸರ್‌ನಲ್ಲಿ ತುಣುಕುಗಳು ಕೂತು ಓದಲ್ಪಡುವ ಫಲಕ) ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಹೋಗಿ, ಗುಣಮಟ್ಟದ ಸೋಸುವಿಕೆಯಲ್ಲಿ ರೀಡ್‌ಗಳು ಬಿದ್ದುಹೋಗುತ್ತವೆ. ಕ್ಯೂಪಿಸಿಆರ್‌ನಿಂದ ಅಳೆಯುವುದು ಇದಕ್ಕೆ ಸರಿಯಾದ ದಾರಿ. ಮುಂದಿನ ಸಲ ಒಂದೆರಡು ಸೈಕಲ್ ಕಡಿಮೆ ಮಾಡಿ.

ಅದೇ ಗೆರೆಯ ಎಡಕ್ಕೆ 120ರಿಂದ 130 ಬೇಸ್ ಹತ್ತಿರ ಚೂಪಾದ ಗುಡ್ಡ ಕಂಡರೆ ಅದು ಅಡಾಪ್ಟರ್ ಡೈಮರ್, ಅಂದರೆ ನಡುವೆ ಡಿಎನ್‌ಎ ತುಣುಕಿಲ್ಲದೆ ಅಡಾಪ್ಟರ್‌ಗಳೇ ಒಂದಕ್ಕೊಂದು ಅಂಟಿದ್ದು. ಚಿಕ್ಕ ತುಣುಕುಗಳು ಫ್ಲೋ ಸೆಲ್ ಮೇಲೆ ಬೇಗ ಜಾಗ ಹಿಡಿಯುತ್ತವೆ, ಹಾಗಾಗಿ ಗೆರೆಯಲ್ಲಿ ಸಣ್ಣದಾಗಿ ಕಂಡದ್ದು ರೀಡ್‌ಗಳಲ್ಲಿ ದೊಡ್ಡ ಪಾಲು ತಿನ್ನುತ್ತದೆ. ಬೀಡ್ ಕ್ಲೀನಪ್ (ಕಾಂತೀಯ ಮಣಿಗಳಿಗೆ ಡಿಎನ್‌ಎ ಅಂಟಿಸಿ ತೊಳೆಯುವುದು) ಮತ್ತೊಮ್ಮೆ ಮಾಡಿ ತೆಗೆಯಿರಿ. ಬೀಡ್‌ಗಳು ಫ್ರಿಜ್‌ನಿಂದ ಹೊರಬಂದು ಕೋಣೆಯ ಬಿಸಿಗೆ ಬಂದಿರಬೇಕು, ಎಥನಾಲ್ ಅವತ್ತೇ ಬೆರೆಸಿದ್ದಾಗಿರಬೇಕು. ಹಳೆಯ ಎಥನಾಲ್‌ನಲ್ಲಿ ನೀರಿನ ಪಾಲು ಏರಿರುತ್ತದೆ, ಬೀಡ್‌ನಲ್ಲಿದ್ದ ಡಿಎನ್‌ಎ ಅದರ ಜೊತೆ ಹರಿದುಹೋಗುತ್ತದೆ.

ಆನ್-ಟಾರ್ಗೆಟ್ ಕುಸಿದಿದ್ದರೆ

ಕ್ಯಾಪ್ಚರ್ ವಿಧಾನದಲ್ಲಿ ಬಯೋಟಿನ್ ಹಚ್ಚಿದ ಪ್ರೋಬ್‌ಗಳು, ಬಹಳಷ್ಟು ಕಿಟ್‌ಗಳಲ್ಲಿ 120 ಬೇಸ್ ಉದ್ದದವು, ನಮಗೆ ಬೇಕಾದ ತುಣುಕುಗಳಿಗೆ ಅಂಟುತ್ತವೆ. ಸ್ಟ್ರೆಪ್ಟಾವಿಡಿನ್ ಬೀಡ್‌ಗಳು ಆ ಪ್ರೋಬ್‌ಗಳನ್ನು ಹಿಡಿಯುತ್ತವೆ. ಬೇಡದ್ದನ್ನು ಬಿಸಿ ವಾಶ್ ತೊಳೆಯುತ್ತದೆ. ಆನ್-ಟಾರ್ಗೆಟ್ ಬಿದ್ದಿದೆ ಅಂದರೆ ಬೇಡದ್ದು ಉಳಿದುಕೊಂಡಿದೆ. ಹೇಗೆ ಉಳಿಯಿತು?

ನಾನು ಮೊದಲು ನೋಡುವುದು ಕ್ಯಾಪ್ಚರ್ ಆದ ಮೇಲಿನ ಇಳುವರಿಯನ್ನು. ಇಳುವರಿ ಎಂದಿಗಿಂತ ಜಾಸ್ತಿ, ಆನ್-ಟಾರ್ಗೆಟ್ ಕಡಿಮೆ ಅಂದರೆ ತೊಳೆಯುವುದರಲ್ಲಿ ಅಥವಾ ಬ್ಲಾಕರ್‌ನಲ್ಲಿ ತಪ್ಪಿದೆ. ಇಳುವರಿ ಕಡಿಮೆ, ಆನ್-ಟಾರ್ಗೆಟ್ ಚೆನ್ನಾಗಿದೆ ಅಂದರೆ ಬೀಡ್‌ಗಳು ಸರಿಯಾಗಿ ಹಿಡಿದಿಲ್ಲ ಇಲ್ಲವೇ ವಾಶ್ ಮಾಡುವಾಗ ಬೀಡ್‌ಗಳೇ ಟಿಪ್‌ನಲ್ಲಿ ಹೋಗಿವೆ. ಈ ಒಂದು ಹೋಲಿಕೆ ಅರ್ಧ ದಾರಿ ಸವೆಸುತ್ತದೆ.

ವಾಶ್‌ನ ಬಿಸಿ ಬಹಳ ಸೂಕ್ಷ್ಮ. ಬಹುತೇಕ ಕಿಟ್‌ಗಳಲ್ಲಿ ಅದು 65 ಡಿಗ್ರಿ ಆಸುಪಾಸು. ಬಫರ್ ಬಾಟಲಿಯ ಮೇಲೆ ಬರೆದಷ್ಟು ಬಿಸಿ ಟ್ಯೂಬ್‌ನೊಳಗೆ ಇರುತ್ತದೆ ಅಂತ ನಂಬಬೇಡಿ. ಹೀಟ್ ಬ್ಲಾಕ್ 65 ಅಂತ ತೋರಿಸುತ್ತಿದ್ದರೂ ಒಳಗಿನ ದ್ರವ 61ರಲ್ಲಿ ಇರಬಹುದು. ಒಂದು ಟ್ಯೂಬ್‌ಗೆ ನೀರು ಹಾಕಿ, ತೆಳುವಾದ ಥರ್ಮೋಕಪಲ್ ಇಳಿಸಿ ಅಳೆಯಿರಿ. ಜೊತೆಗೆ, ಹದಿನಾರು ಟ್ಯೂಬ್‌ಗಳಿಗೆ ಒಬ್ಬರೇ ಒಂದೊಂದಾಗಿ ಬಫರ್ ಹಾಕುತ್ತಿದ್ದರೆ ಕೊನೆಯ ಟ್ಯೂಬ್ ಹೊತ್ತಿಗೆ ಬಫರ್ ಆರಿರುತ್ತದೆ. ಆನ್-ಟಾರ್ಗೆಟ್ ಸಂಖ್ಯೆಗಳನ್ನು ಟ್ಯೂಬ್ ಹಾಕಿದ ಕ್ರಮದಲ್ಲೇ ಜೋಡಿಸಿ ನೋಡಿ, ಮೊದಲಿನಿಂದ ಕೊನೆಗೆ ಮೆಲ್ಲಗೆ ಇಳಿಯುತ್ತಿದ್ದರೆ ಕಾರಣ ಸಿಕ್ಕಿತು.

ಬಿಸಿ ಜಾಸ್ತಿಯಾದರೆ ಚಿತ್ರ ಬೇರೆ. ಎ-ಟಿ ಜೋಡಿಗಳು ಜಿ-ಸಿಗಿಂತ ಸಡಿಲ. ಹಾಗಾಗಿ ಎ-ಟಿ ಹೆಚ್ಚಿರುವ ಎಕ್ಸಾನ್‌ಗಳು ಮೊದಲು ಕಳಚಿಹೋಗುತ್ತವೆ. ಆನ್-ಟಾರ್ಗೆಟ್ ಚೆನ್ನಾಗೇ ಕಾಣುತ್ತದೆ, ಫೋಲ್ಡ್-80 ಮಾತ್ರ ಏರುತ್ತದೆ, ಪಿಕಾರ್ಡ್ ವರದಿಯ ಎಟಿ ಡ್ರಾಪ್‌ಔಟ್ ಏರುತ್ತದೆ. ಆನ್-ಟಾರ್ಗೆಟ್ ಒಂದನ್ನೇ ನೋಡಿ ಸಮಾಧಾನ ಪಟ್ಟುಕೊಳ್ಳುವ ಲ್ಯಾಬ್‌ಗೆ ಈ ದೋಷ ತಿಂಗಳುಗಟ್ಟಲೆ ಕಾಣದೇ ಇರಬಹುದು.

ಬ್ಲಾಕರ್ ವಿಷಯ. ಲೈಬ್ರರಿಯ ಪ್ರತಿ ತುಣುಕಿನ ತುದಿಗೂ ಒಂದೇ ಥರದ ಅಡಾಪ್ಟರ್ ಇದೆ. ಬ್ಲಾಕರ್ ಅವನ್ನು ಮುಚ್ಚದಿದ್ದರೆ, ಪ್ರೋಬ್‌ಗೆ ಅಂಟಿದ ತುಣುಕಿನ ಅಡಾಪ್ಟರ್‌ಗೆ ಬೇಡದ ತುಣುಕಿನ ಅಡಾಪ್ಟರ್ ಅಂಟಿ ಸರಪಳಿಯಾಗಿ ಎಲ್ಲವೂ ಬೀಡ್‌ಗೆ ಬರುತ್ತವೆ. ಇಂಡೆಕ್ಸ್ ಕಿಟ್ ಬದಲಾಯಿಸಿದ್ದೀರಾ? ಯುಎಂಐ (ಪ್ರತಿ ಮೂಲ ಅಣುವಿಗೂ ಹಚ್ಚುವ ಗುರುತಿನ ಸರಣಿ) ಇರುವ ಅಡಾಪ್ಟರ್‌ಗೆ ಹೋದಿರಾ? ಬ್ಲಾಕರ್ ಹಳೆಯದೇ ಇದ್ದರೆ ಉದ್ದ ಹೊಂದುವುದಿಲ್ಲ, ಆವತ್ತಿನಿಂದ ಪ್ರತಿ ರನ್‌ನಲ್ಲೂ ಆನ್-ಟಾರ್ಗೆಟ್ ಬಿದ್ದಿರುತ್ತದೆ. ಪುನರಾವರ್ತಿತ ಸರಣಿಗಳನ್ನು ಮುಚ್ಚುವ ಕಾಟ್-1 ಡಿಎನ್‌ಎ ಹಾಕಲು ಮರೆತರೆ ಜೀನೋಮ್‌ನ ಪುನರಾವರ್ತಿತ ಭಾಗಗಳು ಬಂದು ತುಂಬಿಕೊಳ್ಳುತ್ತವೆ. ಟಾರ್ಗೆಟ್ ಹೊರಗೆ ಬಿದ್ದ ರೀಡ್‌ಗಳು ಯಾವ ಜಾಗದವು ಅಂತ ನೋಡಿದರೆ ಎರಡನ್ನೂ ಬೇರ್ಪಡಿಸಬಹುದು. ಪುನರಾವರ್ತಿತ ಭಾಗಗಳಲ್ಲಿ ಗುಂಪಾಗಿದ್ದರೆ ಕಾಟ್-1, ಇಡೀ ಜೀನೋಮ್ ಮೇಲೆ ಸಮನಾಗಿ ಚೆಲ್ಲಿದ್ದರೆ ಬ್ಲಾಕರ್ ಅಥವಾ ತಣ್ಣಗಾದ ವಾಶ್.

ರಾತ್ರಿಯಿಡೀ ನಡೆಯುವ ಹೈಬ್ರಿಡೈಸೇಷನ್‌ನಲ್ಲಿ (ಪ್ರೋಬ್‌ಗಳು ತುಣುಕುಗಳಿಗೆ ಅಂಟುವ ಹಂತ) ಸೀಲ್ ಸಡಿಲವಿದ್ದರೆ ನೀರು ಆವಿಯಾಗಿ ಉಪ್ಪಿನ ಸಾಂದ್ರತೆ ಏರುತ್ತದೆ. ಉಪ್ಪು ಜಾಸ್ತಿಯಾದಷ್ಟೂ ಪೂರ್ತಿ ಹೊಂದದ ಸರಣಿಗಳೂ ಪ್ರೋಬ್‌ಗೆ ಅಂಟಿಕೊಂಡಿರುತ್ತವೆ. ಬೆಳಿಗ್ಗೆ ತೆಗೆದಾಗ ದ್ರವದ ಪ್ರಮಾಣವನ್ನು ಪಿಪೆಟ್‌ನಲ್ಲೇ ಅಳೆದು ಬರೆದಿಡಿ. 30 ಮೈಕ್ರೋಲೀಟರ್ ಹಾಕಿದ್ದು 22 ಆಗಿದ್ದರೆ ಆ ಟ್ಯೂಬ್ ಮುಂದಕ್ಕೆ ಹೋಗಬಾರದು.

ಪ್ರೋಬ್ ಬದಲು ಪಿಸಿಆರ್ ಪ್ರೈಮರ್‌ಗಳಿಂದ ಬೇಕಾದ ಜಾಗಗಳನ್ನು ಬೆಳೆಸುವ ಆಂಪ್ಲಿಕಾನ್ ಪ್ಯಾನೆಲ್ ಬಳಸುವವರಿಗೆ ಈ ಭಾಗ ಅನ್ವಯಿಸುವುದಿಲ್ಲ, ಆದರೆ ಅವರಿಗೆ ಬೇರೆಯದೇ ಬಲೆಗಳಿವೆ. ಆಂಪ್ಲಿಕಾನ್‌ನಲ್ಲಿ ಒಂದು ಜಾಗದ ರೀಡ್‌ಗಳೆಲ್ಲ ಒಂದೇ ಕಡೆ ಶುರುವಾಗಿ ಒಂದೇ ಕಡೆ ಮುಗಿಯುತ್ತವೆ. ಕ್ಯಾಪ್ಚರ್‌ಗೆ ಬರೆದ ಪೈಪ್‌ಲೈನನ್ನು ಹಾಗೇ ಓಡಿಸಿದರೆ, ಅದು ಇವನ್ನೆಲ್ಲ ಡೂಪ್ಲಿಕೇಟ್ ಅಂತ ಗುರುತು ಹಾಕಿ ಕವರೇಜನ್ನೇ ಅಳಿಸಿಹಾಕುತ್ತದೆ. ಯುಎಂಐ ಇಲ್ಲದ ಆಂಪ್ಲಿಕಾನ್ ಡೇಟಾದಲ್ಲಿ ಆ ಹಂತ ಇರಲೇಬಾರದು. ಪ್ರೈಮರ್ ಭಾಗವನ್ನು ಕತ್ತರಿಸದೇ ಬಿಟ್ಟರೆ ಇನ್ನೊಂದು ತೊಂದರೆ. ಪ್ರೈಮರ್‌ನ ಸರಣಿ ರೋಗಿಯದ್ದಲ್ಲ, ಫ್ಯಾಕ್ಟರಿಯಲ್ಲಿ ಮಾಡಿದ್ದು. ಪಕ್ಕದ ಆಂಪ್ಲಿಕಾನ್‌ನಲ್ಲಿ ಕಾಣುವ ನಿಜವಾದ ರೂಪಾಂತರದ (ಡಿಎನ್‌ಎ ಅಕ್ಷರಗಳ ಬದಲಾವಣೆಯ) ಪಾಲನ್ನು ಅದು ತೆಳುವಾಗಿಸುತ್ತದೆ. ಶುರುವಿನ ಸೈಕಲ್‌ಗಳಲ್ಲಿ ಫ್ಲೋ ಸೆಲ್ ತುಂಬ ಒಂದೇ ಬಗೆಯ ಬೇಸ್‌ಗಳು ಬಂದು ಗುಣಮಟ್ಟ ಬಿದ್ದರೆ ಫೈಎಕ್ಸ್ (ವೈವಿಧ್ಯಕ್ಕಾಗಿ ಬೆರೆಸುವ ಕಂಟ್ರೋಲ್ ಡಿಎನ್‌ಎ) ಪಾಲು ಹೆಚ್ಚಿಸಿ.

ಒಂದೇ ಸ್ಯಾಂಪಲ್ ಬಿದ್ದಿದ್ದರೆ

ಇಲ್ಲಿ ಡೂಪ್ಲಿಕೇಟ್ ಶೇಕಡಾ ಮಾತಾಡುತ್ತದೆ. ಒಬ್ಬ ಮನುಷ್ಯನ ಹ್ಯಾಪ್ಲಾಯ್ಡ್ (ಒಂದೇ ಪ್ರತಿಯ) ಜೀನೋಮ್ ಸುಮಾರು 3.3 ಪಿಕೋಗ್ರಾಂ ತೂಗುತ್ತದೆ. 10 ನ್ಯಾನೋಗ್ರಾಂ ಡಿಎನ್‌ಎ ಹಾಕಿದರೆ ಒಂದು ಜಾಗದ ಸುಮಾರು 3,000 ಪ್ರತಿಗಳು ಟ್ಯೂಬ್‌ನಲ್ಲಿವೆ. ಅಡಾಪ್ಟರ್ ಹತ್ತಿ, ಕ್ಲೀನಪ್ ದಾಟಿ, ಕ್ಯಾಪ್ಚರ್ ಆಗಿ ಉಳಿದದ್ದು ಐದರಲ್ಲಿ ಒಂದು ಪಾಲು ಅಂದುಕೊಳ್ಳಿ, 600. ಶೇ. 5ರಷ್ಟು ಇರುವ ಟ್ಯೂಮರ್ ರೂಪಾಂತರ ಹುಡುಕುತ್ತಿದ್ದರೆ ಅದನ್ನು ಹೊತ್ತ ಅಣುಗಳು 30. ಸೀಕ್ವೆನ್ಸರ್‌ನಲ್ಲಿ 5,000 ಕವರೇಜ್ ತೆಗೆದರೂ ಆ 600 ಅಣುಗಳನ್ನೇ ಮತ್ತೆ ಮತ್ತೆ ಓದುತ್ತೇವೆ. ಒಂದೇ ಪತ್ರಕ್ಕೆ ಐವತ್ತು ಜೆರಾಕ್ಸ್ ತೆಗೆದರೆ ಐವತ್ತು ಸಾಕ್ಷಿ ಆಗೋದಿಲ್ಲ ಅಲ್ವಾ?

ಆದ್ದರಿಂದ ಡೂಪ್ಲಿಕೇಟ್ ಜಾಸ್ತಿ ಇರುವ ಸ್ಯಾಂಪಲನ್ನು ಇನ್ನಷ್ಟು ಆಳವಾಗಿ ಸೀಕ್ವೆನ್ಸ್ ಮಾಡಿದರೆ ಸಿಗುವುದು ತೀರಾ ಕಡಿಮೆ. ಬೇಕಾದದ್ದು ಹೊಸ ಲೈಬ್ರರಿ, ಜಾಸ್ತಿ ಡಿಎನ್‌ಎಯಿಂದ. ಡಿಎನ್‌ಎ ಇಲ್ಲವೇ ಇಲ್ಲ ಅಂದರೆ, ಇಷ್ಟು ಅಣುಗಳಲ್ಲಿ ಎಷ್ಟು ಶೇಕಡಾವರೆಗಿನ ರೂಪಾಂತರ ಹಿಡಿಯಬಲ್ಲೆವು ಅನ್ನುವುದನ್ನು ರಿಪೋರ್ಟ್‌ನಲ್ಲಿ ಬರೆಯಬೇಕು.

ಡಿಎನ್‌ಎ ಎಷ್ಟಿತ್ತು ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತಲೂ ಕೇಳಿ. ನ್ಯಾನೊಡ್ರಾಪ್ 260 ನ್ಯಾನೋಮೀಟರ್ ತರಂಗದ ಬೆಳಕನ್ನು ಹೀರುವ ಎಲ್ಲವನ್ನೂ ಎಣಿಸುತ್ತದೆ, ಆರ್‌ಎನ್‌ಎ, ಒಂಟಿ ಎಳೆ, ಬಿಡಿ ನ್ಯೂಕ್ಲಿಯೊಟೈಡ್ ಎಲ್ಲ ಸೇರಿ. ಅದು 50 ಅಂದ ಕಡೆ ಕ್ಯೂಬಿಟ್ 12 ಅನ್ನಬಹುದು. ಲೈಬ್ರರಿಗೆ ಲೆಕ್ಕ ಹಾಕಬೇಕಾದದ್ದು ಕ್ಯೂಬಿಟ್‌ನ ಸಂಖ್ಯೆಯನ್ನು. ಆದರೆ ಶುದ್ಧತೆಗೆ ನ್ಯಾನೊಡ್ರಾಪ್ ಬೇಕು. 260/280 ಅನುಪಾತ 1.8ರ ಹತ್ತಿರ ಇದೆಯಾ, 260/230 ತುಂಬಾ ಇಳಿದಿದೆಯಾ ಅಂತ ನೋಡಿದರೆ ಲವಣವೋ ಫೀನಾಲೋ ಉಳಿದಿರುವ ಸುಳಿವು ಸಿಗುತ್ತದೆ. ಹೆಪಾರಿನ್ ಟ್ಯೂಬ್‌ನಲ್ಲಿ ಬಂದ ರಕ್ತ ಪಿಸಿಆರನ್ನೇ ತಡೆಯುತ್ತದೆ, ಅದಕ್ಕೆ ಈ ಪರೀಕ್ಷೆಗೆ ಇಡಿಟಿಎ ಟ್ಯೂಬ್ ಕೇಳುವುದು.

ಆದರೆ ಇಡಿಟಿಎ ಎಲ್ಲ ಕಡೆಯೂ ಒಳ್ಳೆಯದಲ್ಲ. ಡಿಎನ್‌ಎಯನ್ನು ಟಿಇ ಬಫರ್‌ನಲ್ಲಿ ಕರಗಿಸಿಟ್ಟು, ಎಂಜೈಮ್‌ನಿಂದ ಕತ್ತರಿಸುವ ಕಿಟ್‌ಗೆ ಹಾಕಿದರೆ, ಅದರಲ್ಲಿರುವ ಇಡಿಟಿಎ ಮೆಗ್ನೀಷಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೆಗ್ನೀಷಿಯಂ ಇಲ್ಲದೆ ಎಂಜೈಮ್ ಮಂದವಾಗುತ್ತದೆ. ತುಣುಕುಗಳು 200 ಬರಬೇಕಿದ್ದ ಕಡೆ 500 ಬರುತ್ತವೆ. ಉದ್ದ ತುಣುಕಿನ ಒಂದು ಭಾಗಕ್ಕೆ ಪ್ರೋಬ್ ಅಂಟಿದರೂ ಉಳಿದದ್ದು ಎಕ್ಸಾನ್ ಆಚೆ ಚಾಚಿಕೊಂಡು ಆನ್-ಟಾರ್ಗೆಟ್ ಇಳಿಸುತ್ತದೆ. ಒಂದು ಬ್ಯಾಚ್‌ನಲ್ಲಿ ಹೊರಗಿನಿಂದ ಬಂದ ಡಿಎನ್‌ಎಗಳು ಮಾತ್ರ ಹೀಗಾಗುತ್ತಿದ್ದರೆ ಕಳುಹಿಸಿದವರಿಗೆ ಯಾವ ಬಫರ್ ಅಂತ ಫೋನ್ ಮಾಡಿ ಕೇಳಿ. ಬೀಡ್ ಕ್ಲೀನಪ್ ಮಾಡಿ 10 ಮಿಲಿಮೋಲಾರ್ ಟ್ರಿಸ್‌ಗೆ ಬದಲಾಯಿಸಿದರೆ ತೊಂದರೆ ಹೋಗುತ್ತದೆ.

ಫಾರ್ಮಲಿನ್‌ನಲ್ಲಿಟ್ಟು ಪ್ಯಾರಾಫಿನ್ ಬ್ಲಾಕ್ ಮಾಡಿದ ಟಿಶ್ಯೂ ಆದರೆ ಕವರೇಜ್ ಜೊತೆ ಇನ್ನೊಂದು ಕಾಟ ಬರುತ್ತದೆ. ಸೈಟೊಸಿನ್ ಅಮೈನ್ ಗುಂಪು ಕಳೆದುಕೊಂಡು ಯುರಾಸಿಲ್ ಆಗುತ್ತದೆ, ಸೀಕ್ವೆನ್ಸರ್ ಅದನ್ನು ಟಿ ಅಂತ ಓದುತ್ತದೆ. ಕಡಿಮೆ ಪಾಲಿನ ಸಿ-ಯಿಂದ-ಟಿ ಮತ್ತು ಜಿ-ಯಿಂದ-ಎ ಬದಲಾವಣೆಗಳು ರಾಶಿಯಾಗಿ ಕಂಡರೆ ಇದೇ ಕಾರಣ. ಯುಡಿಜಿ ಎಂಜೈಮ್ ಯುರಾಸಿಲನ್ನು ತೆಗೆಯುತ್ತದೆ. ಆದರೆ ಮಿಥೈಲ್ ಹತ್ತಿದ ಸೈಟೊಸಿನ್ ಹಾಳಾದರೆ ನೇರವಾಗಿ ಥೈಮಿನ್ನೇ ಆಗುತ್ತದೆ, ಅದನ್ನು ಯುಡಿಜಿ ಮುಟ್ಟುವುದಿಲ್ಲ. ಹಾಗಾಗಿ ಯುಡಿಜಿ ಹಾಕಿದ ಮೇಲೂ ಒಂದೇ ಎಳೆಯಲ್ಲಿ ಸಿ ಆದ ಕೂಡಲೇ ಜಿ ಬರುವ (ಸಿಪಿಜಿ) ಕಡೆ ಕಾಣುವ ಕಡಿಮೆ ಪಾಲಿನ ಸಿ-ಯಿಂದ-ಟಿಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಸಿ-ಯಿಂದ-ಎ ರಾಶಿ ಕಂಡರೆ ಕಥೆ ಬೇರೆ, ಶಬ್ದತರಂಗದಿಂದ ಕತ್ತರಿಸುವಾಗ ಗ್ವಾನಿನ್ ಆಕ್ಸಿಡೈಸ್ ಆಗಿರುತ್ತದೆ.

ಎಲ್ಲಾ ಸ್ಯಾಂಪಲ್‌ಗಳಲ್ಲೂ ಅದೇ ಜಾಗ

ಮೊದಲ ಎಕ್ಸಾನ್‌ಗಳೇ ಹೆಚ್ಚಾಗಿ ಇಲ್ಲಿ ಸಿಗುತ್ತವೆ, ಏಕೆಂದರೆ ಅಲ್ಲಿ ಜಿ-ಸಿ ಪಾಲು ಜಾಸ್ತಿ. ರಕ್ತದ ಕ್ಯಾನ್ಸರ್ ಪ್ಯಾನೆಲ್ ನಡೆಸುವವರಿಗೆ ಸಿಇಬಿಪಿಎ ಜೀನ್ ಈ ಕಾರಣಕ್ಕೇ ಚೆನ್ನಾಗಿ ಪರಿಚಯ. ಜಿ-ಸಿ ಹೆಚ್ಚಿರುವ ಜಾಗಕ್ಕೆ ಹೊಂದುವ ಪಾಲಿಮರೇಸ್, ಕಡಿಮೆ ಸೈಕಲ್, ಆ ಜಾಗಕ್ಕೆ ಹೆಚ್ಚುವರಿ ಪ್ರೋಬ್, ಇವು ದಾರಿಗಳು.

ಜಿ-ಸಿ ಸರಿಯಿದ್ದರೂ ಕವರೇಜ್ ಇಲ್ಲ ಅಂದರೆ ಮ್ಯಾಪಿಂಗ್ ಗುಣಮಟ್ಟ ನೋಡಿ. ಐಜಿವಿಯಲ್ಲಿ ರೀಡ್‌ಗಳು ಬಣ್ಣವಿಲ್ಲದೆ ಬಿಳಿಯಾಗಿ ಕಂಡರೆ ಅವುಗಳ ಮ್ಯಾಪಿಂಗ್ ಗುಣಮಟ್ಟ ಸೊನ್ನೆ. ರೀಡ್ ಎರಡು ಕಡೆ ಒಂದೇ ಥರ ಕೂರುತ್ತದೆ ಅಂತ ಅರ್ಥ. ಪಿಎಂಎಸ್2 ಮತ್ತು ಅದರ ನಕಲು ಪಿಎಂಎಸ್2ಸಿಎಲ್, ಎಸ್‌ಎಂಎನ್1 ಮತ್ತು ಎಸ್‌ಎಂಎನ್2, ಸಿವೈಪಿ21ಎ2 ಮತ್ತು ಅದರ ಹುಸಿಜೀನ್ (ಕೆಲಸ ಮಾಡದ ನಕಲು), ಜಿಬಿಎ ಮತ್ತು ಅದರ ಹುಸಿಜೀನ್, ಇವು ಹೆಸರಾಂತ ಉದಾಹರಣೆಗಳು. ಇಲ್ಲಿ ಪ್ರೋಬ್ ಜಾಸ್ತಿ ಮಾಡಿ ಪ್ರಯೋಜನವಿಲ್ಲ. ಉದ್ದ ಪಿಸಿಆರ್, ಎಂಎಲ್‌ಪಿಎ (ಎಕ್ಸಾನ್‌ಗಳ ಪ್ರತಿ ಎಷ್ಟಿವೆ ಅಂತ ಅಳೆಯುವ ಪರೀಕ್ಷೆ) ಅಥವಾ ಉದ್ದ ರೀಡ್ ಬೇಕು. ಜಿಆರ್‌ಸಿಎಚ್38ರಲ್ಲಿ ಇನ್ನೊಂದು ಇಕ್ಕಟ್ಟಿದೆ. 21ನೇ ಕ್ರೋಮೋಸೋಮ್‌ನಲ್ಲಿ ಕೆಲವು ಭಾಗ ತಪ್ಪಾಗಿ ಎರಡು ಸಲ ಸೇರಿಕೊಂಡಿದೆ. ಸಿಬಿಎಸ್, ಯು2ಎಎಫ್1, ಕೆಸಿಎನ್‌ಇ1 ಜೀನ್‌ಗಳು ಇದಕ್ಕೆ ಸಿಕ್ಕಿಬಿದ್ದಿವೆ. 37ರಿಂದ 38ಕ್ಕೆ ಬಂದ ಮೇಲೆ ಈ ಜೀನ್‌ಗಳು ಮಾಯವಾದವು ಅಂದರೆ ಬೆಂಚಿನಲ್ಲಿ ಹುಡುಕಬೇಡಿ, ಆ ಹುಸಿ ಪ್ರತಿಗಳನ್ನು ಮುಚ್ಚಿದ ರೆಫರೆನ್ಸ್‌ಗೆ ಮತ್ತೆ ಅಲೈನ್ ಮಾಡಿ.

ಒಂದೇ ಸ್ಯಾಂಪಲ್, ಒಂದೇ ಜಾಗ

ಇಲ್ಲಿ ನಿಧಾನಿಸಿ. ಒಬ್ಬ ಹುಡುಗನ ಸ್ಯಾಂಪಲ್ ಅಂದುಕೊಳ್ಳಿ, ಸ್ನಾಯು ದೌರ್ಬಲ್ಯ ಅಂತ ಬರೆದಿದೆ. ಗುಣಮಟ್ಟದ ಅಳತೆಗಳೆಲ್ಲ ಸರಿ. ಎಕ್ಸ್ ಕ್ರೋಮೋಸೋಮ್‌ನಲ್ಲಿರುವ, ಡುಷೆನ್ ಸ್ನಾಯುಕ್ಷಯಕ್ಕೆ ಸಂಬಂಧಿಸಿದ ಡಿಎಂಡಿ ಜೀನ್‌ನ 48, 49, 50ನೇ ಎಕ್ಸಾನ್‌ಗಳಲ್ಲಿ ಮಾತ್ರ ಕವರೇಜ್ ಸೊನ್ನೆ. 47 ಚೆನ್ನಾಗಿದೆ, 51 ಚೆನ್ನಾಗಿದೆ, ಅದೇ ರನ್‌ನ ಬೇರೆಯವರಲ್ಲಿ ಈ ಮೂರೂ ಚೆನ್ನಾಗಿವೆ. ವೇರಿಯಂಟ್ ಪಟ್ಟಿಯಲ್ಲಿ ಏನೂ ಇಲ್ಲ, ಏಕೆಂದರೆ ರೀಡ್ ಇಲ್ಲದ ಕಡೆ ಸಣ್ಣ ರೂಪಾಂತರ ಹುಡುಕುವ ಪ್ರೋಗ್ರಾಂ ಏನನ್ನೂ ಹೇಳುವುದಿಲ್ಲ. ಇದನ್ನು "ಮೂರು ಎಕ್ಸಾನ್ ಫೇಲ್" ಅಂತ ಬರೆದು ಮುಂದೆ ಹೋದರೆ ರೋಗದ ಉತ್ತರವನ್ನೇ ಕಸದ ಬುಟ್ಟಿಗೆ ಹಾಕಿದ ಹಾಗೆ. ಹುಡುಗನಿಗೆ ಎಕ್ಸ್ ಕ್ರೋಮೋಸೋಮ್ ಒಂದೇ. ಆ ಮೂರು ಎಕ್ಸಾನ್ ಅಳಿದುಹೋಗಿದ್ದರೆ ಕವರೇಜ್ ಸೊನ್ನೆಯೇ ಬರಬೇಕು. ಡಿಎಂಡಿಯಲ್ಲಿ 45ರಿಂದ 55ರ ನಡುವಿನ ಭಾಗ ಇಂಥ ಅಳಿವುಗಳಿಗೆ ಹೆಸರಾದದ್ದು. ಎಂಎಲ್‌ಪಿಎ ಹಾಕಿ ದೃಢಪಡಿಸಿ.

ಕವರೇಜ್ ಸೊನ್ನೆಯಾಗದೆ ಅರ್ಧವಾದರೆ ಒಂದು ಪ್ರತಿಯ ಅಳಿವು ಇರಬಹುದು. ಆಗ ಆ ಜಾಗದ ಸಾಮಾನ್ಯ ಎಸ್‌ಎನ್‌ಪಿಗಳನ್ನು (ಜನರಲ್ಲಿ ಬೇರೆ ಬೇರೆ ಇರುವ ಒಂದೊಂದು ಅಕ್ಷರದ ಜಾಗಗಳು) ನೋಡಿ. ಅಲ್ಲಿ ಎರಡೂ ಅಕ್ಷರ ಸಮಸಮ ಕಂಡರೆ ಎರಡು ಪ್ರತಿ ಇವೆ, ಅಳಿವು ಅಲ್ಲ. ಎಲ್ಲಾ ಎಸ್‌ಎನ್‌ಪಿಗಳೂ ಒಂದೇ ಅಕ್ಷರದವಾದರೆ ಅನುಮಾನ ಬಲವಾಗುತ್ತದೆ.

ಆಂಪ್ಲಿಕಾನ್‌ನಲ್ಲಿ ಅರ್ಧ ಕವರೇಜ್‌ಗೆ ಇನ್ನೊಂದು ಅರ್ಥವಿದೆ. ಪ್ರೈಮರ್ ಕೂರುವ ಜಾಗದಲ್ಲೇ ಆ ವ್ಯಕ್ತಿಗೆ ಒಂದು ರೂಪಾಂತರ ಇದ್ದರೆ, ವಿಶೇಷವಾಗಿ ಪ್ರೈಮರ್‌ನ 3′ (ತ್ರೀ ಪ್ರೈಮ್) ತುದಿಯ, ಅಂದರೆ ಹೊಸ ಎಳೆ ಬೆಳೆಯುವ ತುದಿಯ, ಹತ್ತಿರ, ಆ ಪ್ರತಿ ಬೆಳೆಯುವುದೇ ಇಲ್ಲ. ಇನ್ನೊಂದು ಪ್ರತಿ ಮಾತ್ರ ಓದಲ್ಪಡುತ್ತದೆ. ರೋಗ ತರುವ ರೂಪಾಂತರ ಬೆಳೆಯದ ಪ್ರತಿಯಲ್ಲಿದ್ದರೆ ಕಾಣುವುದೇ ಇಲ್ಲ. ಬೆಳೆದ ಪ್ರತಿಯಲ್ಲಿದ್ದರೆ ಎರಡೂ ಪ್ರತಿಯಲ್ಲಿದೆ ಅನ್ನುವಂತೆ ಕಾಣುತ್ತದೆ. ತಂದೆ ತಾಯಿಯಲ್ಲಿ ಒಬ್ಬರಲ್ಲಿ ಮಾತ್ರ ಇರುವ ರೂಪಾಂತರ ಮಗುವಿನಲ್ಲಿ ಹೋಮೋಜೈಗಸ್ (ಎರಡೂ ಪ್ರತಿಯಲ್ಲಿದೆ) ಅಂತ ಬಂದರೆ ಇದನ್ನೇ ಮೊದಲು ನೆನೆಯಿರಿ. ಸ್ಯಾಂಗರ್‌ನಿಂದ (ಒಂದೊಂದೇ ಜಾಗ ಓದುವ ಹಳೆಯ ಸೀಕ್ವೆನ್ಸಿಂಗ್ ವಿಧಾನ) ದೃಢಪಡಿಸುವಾಗ ಅದೇ ಪ್ರೈಮರ್ ಬಳಸಿದರೆ ಅದೇ ತಪ್ಪು ಮತ್ತೆ ಬರುತ್ತದೆ, ಬೇರೆ ಜಾಗದಲ್ಲಿ ಕೂರುವ ಪ್ರೈಮರ್ ಬೇಕು.

ಸರಿಪಡಿಸಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ವಾಶ್ ಬಿಸಿ, ಬೀಡ್ ಲಾಟ್, ಸೈಕಲ್ ಸಂಖ್ಯೆ ಮೂರನ್ನೂ ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಅಂತ ತಿಳಿಯುವುದಿಲ್ಲ. ಪರೀಕ್ಷೆಗೆ ರೋಗಿಯ ಸ್ಯಾಂಪಲ್ ಬದಲು ಎನ್‌ಎ12878 ಇಲ್ಲವೇ ಎಚ್‌ಜಿ002ರಂಥ ರೆಫರೆನ್ಸ್ ಡಿಎನ್‌ಎ ಹಾಕಿ. ಜೀನೋಮ್ ಇನ್ ಎ ಬಾಟಲ್ ತಂಡ ಇವುಗಳ ನಿಜವಾದ ರೂಪಾಂತರಗಳ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಇಟ್ಟಿದೆ, ಹಾಗಾಗಿ ಕವರೇಜ್ ಒಂದೇ ಅಲ್ಲ, ಉತ್ತರ ಸರಿಯಿದೆಯಾ ಅಂತಲೂ ನೋಡಬಹುದು. ಡಿಎನ್‌ಎ ಹಾಕದ ಖಾಲಿ ಟ್ಯೂಬನ್ನೂ ಕೊನೆಯವರೆಗೆ ಓಡಿಸಿ. ಅದರಲ್ಲಿ ರೀಡ್ ಬಂದರೆ ಕಲಬೆರಕೆಯೋ ಇಂಡೆಕ್ಸ್ ಹಾರುವಿಕೆಯೋ (ಒಂದು ಸ್ಯಾಂಪಲ್‌ನ ಇಂಡೆಕ್ಸ್ ಇನ್ನೊಂದರ ತುಣುಕಿಗೆ ಸೇರುವುದು) ಇದೆ. ಎರಡನೆಯದಕ್ಕೆ ಪ್ರತಿ ಸ್ಯಾಂಪಲ್‌ಗೂ ಎರಡೂ ತುದಿಗಳಲ್ಲಿ ಬೇರೆ ಯಾವ ಸ್ಯಾಂಪಲ್‌ಗೂ ಇಲ್ಲದ ಇಂಡೆಕ್ಸ್ ಕೊಡುವುದು ಮದ್ದು.

ಇಷ್ಟೆಲ್ಲ ಮಾಡಿಯೂ ಕೆಲವು ಜಾಗ ತುಂಬದೇ ಉಳಿಯುತ್ತವೆ. 10 ರೀಡ್ ಮಾತ್ರ ಇರುವ ಜಾಗದಲ್ಲಿ ಹೆಟೆರೋಜೈಗಸ್ (ಎರಡರಲ್ಲಿ ಒಂದೇ ಪ್ರತಿಯಲ್ಲಿರುವ) ರೂಪಾಂತರ ಇದ್ದರೆ, ಅದು ಒಂದೇ ರೀಡ್‌ನಲ್ಲಿ ಕಾಣುವ ಅಥವಾ ಕಾಣದೇ ಹೋಗುವ ಸಾಧ್ಯತೆ 1,024ರಲ್ಲಿ 11, ಅಂದರೆ ನೂರಕ್ಕೆ ಒಂದರಷ್ಟು. ಯಂತ್ರದ ತಪ್ಪುಗಳನ್ನು ಬಿಟ್ಟು, ಬರೀ ಲೆಕ್ಕದ ಪ್ರಕಾರ ಇದು. ಆ ಜಾಗವನ್ನು ಸ್ಯಾಂಗರ್‌ನಿಂದ ತುಂಬಿ. ಆಗದಿದ್ದರೆ ಜೀನ್ ಹೆಸರು, ಎಕ್ಸಾನ್ ಸಂಖ್ಯೆ ಸಮೇತ "ಈ ಭಾಗವನ್ನು ಪರೀಕ್ಷಿಸಲು ಆಗಿಲ್ಲ" ಅಂತ ರಿಪೋರ್ಟ್‌ನ ಮೊದಲ ಪುಟದಲ್ಲೇ ಬರೆಯಿರಿ. ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಬರೆದರೆ ವೈದ್ಯರು "ನೆಗೆಟಿವ್" ಅನ್ನುವ ಒಂದೇ ಪದ ಓದಿ, ಆ ಜೀನ್ ಸರಿಯಿದೆ ಅಂತಲೇ ಮನೆಯವರಿಗೆ ಹೇಳುತ್ತಾರೆ.